ಕರೆಂಟು ಹೋದಾಗಿನ ಬೆಲ್ಲ

ಕೆಲವರ ತಲೆ ನಾಲ್ಕು ಜನರ ಎದುರಿನಲ್ಲೇ ಚುರುಕಾಗುತ್ತದೆ. ನನ್ನದು ಹಾಗಲ್ಲ. ಯಾರಾದರೂ ಪಕ್ಕದಲ್ಲಿ ನಿಂತು ‘ಎಲ್ಲಿ, ಮಾಡು ನೋಡೋಣ’ ಎಂದರೆ ಸಾಕು, ಅದು ಹೇಳದೆ ಕೇಳದೆ ರಜೆ ಹಾಕಿ ಹೊರಟುಬಿಡುತ್ತದೆ. ಚಿಕ್ಕಂದಿನಲ್ಲಿ ನಮ್ಮ ಶಾಲೆಗೆ ಇನ್ಸ್‌ಪೆಕ್ಟರು ಬಂದಿದ್ದರು. ಸರಿಯುತ್ತರ ಹೇಳಿದವರಿಗೆ ಕೊಡಲು ಅವರ ಕೈಯಲ್ಲಿ ಪೆಪ್ಪರ್‌ಮೆಂಟು ಇತ್ತು. ನನ್ನ ಸರದಿ ಬಂದಾಗ ‘ನಿನ್ನ ಹೆಸರೇನಮ್ಮಾ?’ ಎಂದಷ್ಟೇ ಕೇಳಿದರು. ನಾನು ಎದ್ದು ನಿಂತು, ಪೆಪ್ಪರ್‌ಮೆಂಟನ್ನೇ ನೋಡುತ್ತಾ, ನಮ್ಮಪ್ಪನ ಹೆಸರು ಹೇಳಿದೆ. ಅಪ್ಪ ಅದೇ ಶಾಲೆಯ ಮೇಷ್ಟ್ರು, ಅಲ್ಲೇ ನಿಂತಿದ್ದರು. ಇನ್ಸ್‌ಪೆಕ್ಟರು ನಗುತ್ತಾ ಪೆಪ್ಪರ್‌ಮೆಂಟು ಕೊಟ್ಟೇ ಕೊಟ್ಟರು. ಅದನ್ನು ಯಾವ ಗುಣಕ್ಕೆ ಕೊಟ್ಟರೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಇದೆಲ್ಲ ನೆನಪಾಗಲು ಕಾರಣ ಭಾನುವಾರದ ಪುರವಣಿಯಲ್ಲಿ ಓದಿದ ಒಂದು ಬರಹ. ಮನುಷ್ಯನಿಗೆ ದಿಢೀರನೆ ಗಾಬರಿಯೋ ಒತ್ತಡವೋ ಆದಾಗ, ಆ ಸ್ವಲ್ಪ ಹೊತ್ತು, ‘ಹೀಗೆ ಮಾಡಿದೆ, ಒಳ್ಳೆಯದು ಸಿಕ್ಕಿತು, ಇನ್ನೊಂದು ಸಲವೂ ಹೀಗೇ ಮಾಡೋಣ’ ಎಂದು ಮಿದುಳು ಗಟ್ಟಿ ಮಾಡಿಕೊಳ್ಳುವ ಕೆಲಸ ಮಂಕಾಗುವುದುಂಟಂತೆ. ಬಹುಮಾನವೇನೋ ಕೈಗೆ ಬರುತ್ತದೆ, ಪಾಠ ತಲೆಗೆ ಹೋಗುವುದಿಲ್ಲ. ಎಲ್ಲರಿಗೂ ಎಲ್ಲ ಕಾಲಕ್ಕೂ ಹೀಗೇ ಎಂದಲ್ಲ, ವಿಜ್ಞಾನಿಗಳು ಇನ್ನೂ ನೋಡುತ್ತಿದ್ದಾರೆ ಎಂದೂ ಬರೆದಿತ್ತು. ಇದರಲ್ಲಿ ನೋಡುವುದೇನು ಬಂತು ಎನಿಸಿತು ನನಗೆ. ತೊಂಬತ್ತರ ಆಸುಪಾಸಿನಲ್ಲಿ ದೊಡ್ಡಬಳ್ಳಾಪುರದ ನಮ್ಮ ಮನೆಗೆ ಬಂದಿದ್ದರೆ, ನಮ್ಮತ್ತೆ ಒಂದು ಕೈಯಲ್ಲಿ ಬೆಲ್ಲ ಹಿಡಿದು, ಇನ್ನೊಂದು ಕೈಯಲ್ಲಿ ನನ್ನನ್ನು ಹಿಡಿದು, ಪುಕ್ಕಟೆಯಾಗಿ ತೋರಿಸಿ ಕಾಫಿಯನ್ನೂ ಕೊಟ್ಟು ಕಳಿಸುತ್ತಿದ್ದರು.

ನನ್ನ ತವರು ದೇವನಹಳ್ಳಿ ಕಡೆ, ಅದೇ ತಾಲ್ಲೂಕಿನ ಚನ್ನರಾಯಪಟ್ಟಣದ ಪಕ್ಕದ ಒಂದು ಹಳ್ಳಿ. ತಾತನ ಕಾಲದವರೆಗೆ ಮನೆಯಲ್ಲಿ ಕೈಮಗ್ಗ ಇತ್ತಂತೆ. ಅಪ್ಪ ಮೇಷ್ಟ್ರಾದ ಮೇಲೆ ಮಗ್ಗದ ಗುಣಿಯ ಮೇಲೆ ಹಲಗೆ ಹಾಸಿ ರಾಗಿ ಮೂಟೆ ಇಟ್ಟರು. ಹಾಗಾಗಿ ನಾನು ನೇಕಾರರ ಮನೆಯ ಹುಡುಗಿ ಎನ್ನುವುದು ಹೆಸರಿಗೆ ಮಾತ್ರ. ನಮ್ಮೂರಿನಲ್ಲಿ ಮಧ್ಯಾಹ್ನದ ಹೊತ್ತು ಕೋಳಿ ಕೆದಕುವುದೂ ಕೇಳಿಸುತ್ತಿತ್ತು. ಅಂಥ ಊರಿನಿಂದ ನನ್ನನ್ನು ತಂದು, ಬೀದಿಯ ಮನೆಮನೆಯಲ್ಲೂ ಪವರ್‌ಲೂಮು ಬಡಿಯುವ ಊರಿನಲ್ಲಿ ಬಿಟ್ಟರು. ಹೆಣ್ಣು ನೋಡಲು ಬಂದ ದಿನವೇ ನಮಗೆ ಸೂಚನೆ ಸಿಕ್ಕಿತ್ತು. ಅತ್ತೆಯಾಗುವವರು ಜಗುಲಿಯ ಮೇಲೆ ಕುಳಿತು ‘ಒಂಚೂರು ನೀರು ಕೊಡಮ್ಮಾ’ ಎಂದದ್ದಕ್ಕೆ ಎದುರು ಮನೆಯವರೂ ಒಂದು ಚೊಂಬು ನೀರು ಹಿಡಿದು ಓಡಿ ಬಂದರು. ‘ಹುಡುಗನ ತಾಯಿ ಸ್ವಲ್ಪ ಜೋರು ಅನ್ನಿಸುತ್ತೆ’ ಎಂದು ಅಪ್ಪ ಹಿಂಜರಿದರು. ಆಕೆ ಜೋರೇನಲ್ಲ, ಹಗಲೆಲ್ಲ ಮಗ್ಗದ ಮುಂದೆ ನಿಲ್ಲುವವರಿಗೆ ಮೆಲ್ಲಗೆ ಮಾತಾಡುವುದು ಮರೆತುಹೋಗಿರುತ್ತದೆ. ಅದು ನನಗೆ ಆಮೇಲೆ ತಿಳಿಯಿತು. ಈಗ ನಾನು ಫೋನಿನಲ್ಲಿ ಮಾತಾಡಿದರೆ ಮಗಳು ‘ಅಮ್ಮಾ, ಫೋನ್ ಇಟ್ಟು ಮಾತಾಡು, ಹಂಗೇ ಕೇಳ್ಸುತ್ತೆ’ ಎನ್ನುತ್ತಾಳೆ.

ಮನೆಯಲ್ಲಿ ಎರಡು ಮಗ್ಗ ಇದ್ದವು. ಒಂದನ್ನು ಅತ್ತೆ ಓಡಿಸುತ್ತಿದ್ದರು. ಇನ್ನೊಂದನ್ನು ನಮ್ಮ ನಾದಿನಿ ಓಡಿಸುತ್ತಿದ್ದಳು, ಅವಳು ಮದುವೆಯಾಗಿ ಹಿಂದೂಪುರಕ್ಕೆ ಹೋದಳು. ನಮ್ಮನೆಯವರು ಬಾಶೆಟ್ಟಿಹಳ್ಳಿಯ ಫ್ಯಾಕ್ಟರಿಯಲ್ಲಿ ಶಿಫ್ಟಿನ ಕೆಲಸಕ್ಕೆ ಸೇರಿದ್ದರು, ಮಗ್ಗದ ಕಡೆ ತಲೆ ಹಾಕುತ್ತಿರಲಿಲ್ಲ. ಉಳಿದವಳು ನಾನು. ಆ ಎರಡನೆಯ ಮಗ್ಗವನ್ನು ಮಾವನವರು ತೀರಿಕೊಳ್ಳುವ ಮುಂಚಿನ ವರ್ಷ ತಂದು ನಿಲ್ಲಿಸಿದ್ದರಂತೆ. ಅತ್ತೆ ದಿನಾ ಬೆಳಿಗ್ಗೆ ಅದರ ಧೂಳು ಒರೆಸಿ, ಕುಂಕುಮ ಇಟ್ಟು, ತಮ್ಮ ಮಗ್ಗಕ್ಕೆ ಹೋಗುತ್ತಿದ್ದರು. ಒಂದು ದಿನ ಊಟದ ಹೊತ್ತಿನಲ್ಲಿ ನಮ್ಮನೆಯವರು ವಿಷಯ ತೆಗೆದರು. ‘ನಿಂತ್ ಮಗ್ಗ ಎಷ್ಟ್ ದಿನ ಪೂಜೆ ಮಾಡ್ತೀಯಮ್ಮ? ಸರೋಜ ಗೌರಿ ಹಬ್ಬದೊಳ್ಗೆ ಕಲ್ತ್ರೆ ಸರಿ, ಇಲ್ಲಾಂದ್ರೆ ಕೊಟ್ಬಿಡಾಣ.’ ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದರು. ಆ ಸಾರಿನಿಂದಲೇ ನನ್ನ ಶಿಕ್ಷಣ ಶುರುವಾಯಿತು.

ಮಗ್ಗ ಓಡಿಸುವುದು ದೊಡ್ಡ ವಿಷಯವಲ್ಲ, ಹಿಡಿ ಎಳೆದರೆ ಅದೇ ಓಡುತ್ತದೆ. ವಿದ್ಯೆ ಇರುವುದೆಲ್ಲ ಗಂಟಿನಲ್ಲಿ. ಹಾಸಿನಲ್ಲಿ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ನೂಲಿನಲ್ಲಿ, ಒಂದು ಎಳೆ ಕಡಿಯಿತೆಂದರೆ ಮಗ್ಗ ನಿಲ್ಲಿಸಿ, ಸಾವಿರಾರು ಎಳೆಗಳ ನಡುವೆ ಕಡಿದದ್ದನ್ನು ಹುಡುಕಿ, ತುದಿಗೆ ತುದಿ ಸೇರಿಸಿ, ಬಾಚಣಿಗೆಯಂಥ ಅಚ್ಚಿನೊಳಗೆ ನುಸುಳುವಷ್ಟು ಸಣ್ಣ ಗಂಟು ಹಾಕಬೇಕು. ಗಂಟು ದಪ್ಪವಾದರೆ ಅಕ್ಕಪಕ್ಕದ ಎಳೆಗಳನ್ನೂ ಕಡಿದುಕೊಂಡು ಹೋಗುತ್ತದೆ. ತಡವಾದರೆ ಅಂದಿನ ಸೀರೆ ಅಂದಿಗೆ ಮುಗಿಯುವುದಿಲ್ಲ. ನಾನು ಹಾಕಿದ ಮೊದಲ ಗಂಟನ್ನು ನಮ್ಮನೆಯವರು ಬೆಳಕಿಗೆ ಹಿಡಿದು ನೋಡಿ, ‘ಇದು ಎಮ್ಮೆ ಕಟ್ಟೋ ಗಂಟು ಕಣೇ’ ಎಂದರು. ‘ನಮ್ ಫ್ಯಾಕ್ಟ್ರೀಲಿ ಹೊಸಬ್ರಿಗೆ ಮೂರ್ ಸಲ ಕೆಲ್ಸ ತೋರುಸ್ತಾರೆ, ನಾಕ್ನೇ ಸಲ ಬಾಗ್ಲು ತೋರುಸ್ತಾರೆ’ ಎಂದೂ ಸೇರಿಸಿದರು. ಅತ್ತೆ ಅವರನ್ನು ಗದರಿ ಆಚೆಗೆ ಕಳಿಸಿದರು.

ಅತ್ತೆಗೆ ಬೈದು ಕಲಿಸುವುದರಲ್ಲಿ ನಂಬಿಕೆಯಿರಲಿಲ್ಲ. ಅವರ ಪಾಠವೆಲ್ಲ ಬೆಲ್ಲದ ಮೇಲೆ ನಿಂತಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಲ್ಲ, ನಮ್ಮಲ್ಲಿ ಕೈಗೆ ಎಳೆ, ಬಾಯಿಗೆ ಬೆಲ್ಲ. ಗಂಟು ಸರಿಯಾಗಿ ಬಿತ್ತೆಂದರೆ ಸೆರಗಿನ ತುದಿಯಿಂದ ಒಂದು ಚೂರು ಅಚ್ಚುಬೆಲ್ಲ ಮುರಿದು, ನನ್ನ ಎರಡೂ ಕೈಗೆ ಎಳೆ ಸಿಕ್ಕಿಕೊಂಡಿರುತ್ತಿದ್ದರಿಂದ, ತಾವೇ ಬಾಯಿಗೆ ಇಡುತ್ತಿದ್ದರು. ಮಗ್ಗದ ಅಚ್ಚೂ ಅಚ್ಚೇ, ಬೆಲ್ಲದ ಅಚ್ಚೂ ಅಚ್ಚೇ. ಎರಡನೆಯದು ಮಾತ್ರ ನನಗೆ ಬೇಗ ಅರ್ಥವಾಯಿತು.

ತೊಂದರೆ ಇದ್ದದ್ದು ಕರೆಂಟಿನದು. ಆಗ ಲೋಡ್ ಶೆಡ್ಡಿಂಗಿನ ಕಾಲ. ಹೊತ್ತಲ್ಲದ ಹೊತ್ತಿನಲ್ಲಿ ಹೋಗುತ್ತಿತ್ತು, ಬರಬಾರದ ಹೊತ್ತಿನಲ್ಲಿ ಬರುತ್ತಿತ್ತು. ಬಂತೆಂದರೆ ಇಡೀ ಬೀದಿಯ ಮಗ್ಗಗಳು ಒಂದೇ ಏಟಿಗೆ ಹೊಡೆದುಕೊಳ್ಳಲು ಶುರುಮಾಡುತ್ತಿದ್ದವು. ಗೋಡೆ ನಡುಗುತ್ತಿತ್ತು, ಗೂಡಿನಲ್ಲಿದ್ದ ಲೋಟಗಳು ತಾವಾಗಿಯೇ ಜರುಗುತ್ತಿದ್ದವು. ನನ್ನ ಎದೆಯೂ ಮಗ್ಗದ ಲೆಕ್ಕದಲ್ಲೇ ಹೊಡೆದುಕೊಳ್ಳುತ್ತಿತ್ತು. ಆ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲವಾದ್ದರಿಂದ ಮಗ್ಗದ ಮನೆಯವರೆಲ್ಲ ಕೈಸನ್ನೆಯಲ್ಲಿ ಮಾತಾಡುತ್ತಾರೆ. ನನಗೆ ಆ ಭಾಷೆಯೂ ಬರುತ್ತಿರಲಿಲ್ಲ. ಮೊದಲ ವಾರ ಅತ್ತೆ ತಮ್ಮ ಮಗ್ಗದ ಆಚೆಯಿಂದ ನನ್ನ ಕಡೆ ತಿರುಗಿ ಹೆಬ್ಬೆರಳಿಗೆ ತೋರುಬೆರಳು ಉಜ್ಜಿ ತೋರಿಸಿದರು. ಎಳೆ ಕಡಿದಿದೆ, ಗಂಟು ಹಾಕು ಎಂದು ಅದರ ಅರ್ಥ. ನಮ್ಮೂರಿನಲ್ಲಿ ಹಾಗೆ ಉಜ್ಜಿದರೆ ದುಡ್ಡು ಎಂದು. ನಾನು ಗಾಬರಿಯಿಂದ ಒಳಗೆ ಓಡಿ ಅಕ್ಕಿ ಡಬ್ಬದಲ್ಲಿದ್ದ ಅವರ ಪರ್ಸು ತಂದುಕೊಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮಗ್ಗ ನಿಲ್ಲಿಸಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ನನ್ನ ಮಗ್ಗದಲ್ಲಿ ಕಡಿದ ಎಳೆಯ ಜಾಗದಲ್ಲಿ ಗೇಣುದ್ದ ಗೆರೆ ಬಿದ್ದಿತ್ತು.

ಕರೆಂಟಿದ್ದಾಗ ನನಗೆ ಗಂಟು ಬೀಳುತ್ತಲೇ ಇರಲಿಲ್ಲ ಎಂದೇನಲ್ಲ. ಒಮ್ಮೊಮ್ಮೆ ಬೀಳುತ್ತಿತ್ತು. ಅತ್ತೆ ಕೂಡಲೇ ಬೆಲ್ಲ ಕೊಡುತ್ತಿದ್ದರು. ಆದರೆ ಯಾವ ಬೆರಳು ಮೇಲಿತ್ತು, ಯಾವ ಎಳೆ ಕೆಳಗಿತ್ತು, ಒಂದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಇನ್ನೊಂದು ಸಲ ಕಡಿದಾಗ ಮತ್ತೆ ಎಮ್ಮೆ ಕಟ್ಟುವ ಗಂಟೇ. ಬೆಲ್ಲ ಸಾಲದೆಂದು ಅತ್ತೆ ಕೊಬ್ಬರಿ ಮಿಠಾಯಿಗೆ ಏರಿದರು. ಅದೂ ನಡೆಯದಿದ್ದಾಗ ಬಸ್‌ಸ್ಟ್ಯಾಂಡಿನ ಬೇಕರಿಯಿಂದ ಮೈಸೂರು ಪಾಕು ತರಿಸಿದರು. ಒಂದು ತುಂಡನ್ನು ನನ್ನ ಕಣ್ಣಿಗೆ ಕಾಣುವ ಹಾಗೆ ಎತ್ತಿ ಹಿಡಿದು, ನನ್ನ ಬೆರಳನ್ನೇ ನೋಡುತ್ತಾ ನಿಲ್ಲುತ್ತಿದ್ದರು. ಬಹುಮಾನ ದೊಡ್ಡದಾದಷ್ಟೂ ನನ್ನ ಗಂಟು ದಪ್ಪವಾಗುತ್ತಿತ್ತು. ಕೊನೆಗೆ ‘ಕಲ್ತ್ಬಿಡು ಸರೋಜಾ, ಈ ಮಗ್ಗದಲ್ಲಿ ನೀನೇ ನೇಯ್ದ ಮೊದಲ್ನೇ ಸೀರೆ ನಿಂಗೇ, ಗೌರಿ ಹಬ್ಬುಕ್ಕೆ ಉಡೀವಂತೆ’ ಎಂದರು. ಅಂದಿನಿಂದ ನನಗೆ ಎಳೆಯೇ ಕಾಣಿಸದಾಯಿತು. ಅಂಚು ಯಾವ ಬಣ್ಣದ್ದಿರಲಿ ಎನ್ನುವುದೊಂದೇ ಯೋಚನೆ. ಎರಡು ತಿಂಗಳಲ್ಲಿ ನಾನು ಕಲಿತದ್ದು ಸೊನ್ನೆ, ತವರಿನಿಂದ ತಂದ ರವಿಕೆಗಳು ಮಾತ್ರ ಒಂದೂ ಮೈಗೆ ಏರುತ್ತಿರಲಿಲ್ಲ.

ಕರೆಂಟು ಹೋದರೆ ಕಥೆಯೇ ಬೇರೆ. ಮಗ್ಗಗಳೆಲ್ಲ ಒಮ್ಮೆಗೇ ನಿಂತು ಬೀದಿ ಸ್ತಬ್ಧವಾಗುತ್ತಿತ್ತು. ತೊಟ್ಟಿಲಿನಲ್ಲಿ ಮಲಗಿದ ಕೂಸುಗಳು ಆ ನಿಶ್ಶಬ್ದಕ್ಕೆ ಎಚ್ಚರವಾಗಿ ಅಳುತ್ತಿದ್ದವು. ಗಂಡಸರು ಬೀದಿಗೆ ಬಂದು ಕರೆಂಟಿನವರ ವಂಶವನ್ನೆಲ್ಲ ನೆನೆಯುತ್ತಿದ್ದರು. ಅತ್ತೆ ಮಾತ್ರ ಗಾಜಿನ ಹೆಂಚಿನಿಂದ ಬೀಳುವ ಬಿಸಿಲಿನಲ್ಲಿ ಚಾಪೆ ಹಾಸಿ, ಎರಡು ತುಂಡು ನೂಲು ನನ್ನ ಕೈಗೆ ಕೊಟ್ಟು, ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಾ ಕೂರುತ್ತಿದ್ದರು. ನನ್ನನ್ನು ನೋಡುತ್ತಲೂ ಇರಲಿಲ್ಲ. ನಾದಿನಿ ಚಿಕ್ಕವಳಿದ್ದಾಗ ಮಗ್ಗದ ಲಾಳಿಯನ್ನು ಗೊಂಬೆ ಮಾಡಿ ಮಲಗಿಸಿಕೊಳ್ಳುತ್ತಿದ್ದದ್ದು, ಮಾವ ಬೆಂಗಳೂರಿಗೆ ಸೀರೆ ಹೊತ್ತು ಹೋದವರು ಒಂದು ಹಲಸಿನ ಹಣ್ಣು ಹೊತ್ತು ಬಂದದ್ದು, ಇಂಥವೇ ಮಾತು. ನಾನು ಕೇಳುತ್ತಾ ಕೇಳುತ್ತಾ ಗಂಟು ಹಾಕುತ್ತಿದ್ದೆ. ಬೀಳುತ್ತಿತ್ತು. ಬಾಯಿ ತೆರೆಯುತ್ತಿದ್ದೆ. ಅವರು ಮಾತು ನಿಲ್ಲಿಸದೆಯೇ ಬೆಲ್ಲ ಇಡುತ್ತಿದ್ದರು. ಮತ್ತೆ ಹಾಕುತ್ತಿದ್ದೆ, ಮತ್ತೆ ಬೀಳುತ್ತಿತ್ತು. ಕರೆಂಟು ಬಂದ ಕೂಡಲೇ ಎಲ್ಲ ಮಾಯ. ಹೀಗಾಗಿ ಇಡೀ ದೊಡ್ಡಬಳ್ಳಾಪುರ ಕರೆಂಟು ಬರಲೆಂದು ಹರಕೆ ಹೊತ್ತರೆ, ನಾನೊಬ್ಬಳು ಅದು ಹೋಗಲೆಂದು ಹರಕೆ ಹೊರುತ್ತಿದ್ದೆ. ಮಗ್ಗದ ಊರಿನಲ್ಲಿ ಇದು ಅನ್ನಕ್ಕೆ ಮಣ್ಣು ಹಾಕುವ ಮಾತು. ಹೊರಗೆ ಬಾಯಿ ಬಿಡುವ ಹಾಗಿರಲಿಲ್ಲ.

ಆದರೆ ಬಾಯಿ ಬಿಡುವ ಅಭ್ಯಾಸ ನನಗೆ ಬೇರೆ ದಾರಿಯಿಂದ ಅಂಟಿಕೊಂಡಿತು. ಮಗ್ಗ ಓಡುವಾಗ ಏನು ಕೂಗಿದರೂ ಪಕ್ಕದವರಿಗೆ ಕೇಳಿಸುವುದಿಲ್ಲವಲ್ಲ, ಹಾಗಾಗಿ ಆ ಊರಿನ ಹೆಂಗಸರೆಲ್ಲ ತಮ್ಮ ಮನಸ್ಸಿನಲ್ಲಿರುವುದನ್ನು ಮಗ್ಗದ ಮುಂದೆ ಗಟ್ಟಿಯಾಗಿ ಹೇಳಿಕೊಂಡು ಹಗುರಾಗುತ್ತಿದ್ದರು. ಅಪಾಯ ಒಂದೇ. ಮಾತಿನ ನಡುವೆ ಕರೆಂಟು ಹೋದರೆ ಉಳಿದರ್ಧ ಮಾತು ಬೀದಿಗೆಲ್ಲ ಕೇಳಿಸಿಬಿಡುತ್ತದೆ. ಪಕ್ಕದ ಮನೆಯ ಪುಟ್ಟತಾಯಮ್ಮನವರಿಗೆ ಒಮ್ಮೆ ಹಾಗೇ ಆಯಿತು. ಕರೆಂಟು ಫಕ್ಕನೆ ಹೋದಾಗ ಬೀದಿಗೆ ಕೇಳಿಸಿದ್ದು, ‘...ಅವ್ರ ಅಕ್ಕ ಬಂದ್ರೆ ಮಾತ್ರ ಕೋಳಿ, ನಮ್ಮಣ್ಣ ಬಂದ್ರೆ ಹುರುಳಿ ಸಾರು!’ ಅವರ ಗಂಡ ಆ ಹೊತ್ತಿಗೆ ಸರಿಯಾಗಿ ಅಕ್ಕನನ್ನು ಬಸ್ಸಿನಿಂದ ಇಳಿಸಿ ಕರೆದುಕೊಂಡು ಬಾಗಿಲಲ್ಲಿ ನಿಂತಿದ್ದರು. ನಾನು ವಾರಗಟ್ಟಲೆ ನಕ್ಕಿದ್ದೆ. ನನ್ನ ಸರದಿಯೂ ಬರುತ್ತದೆ ಎಂದು ಆಗ ಹೊಳೆಯಲಿಲ್ಲ.

ಗೌರಿ ಹಬ್ಬ ಹತ್ತಿರ ಬಂತು. ನಮ್ಮನೆಯವರು ಹಳೇ ಮಗ್ಗಗಳ ವ್ಯಾಪಾರ ಮಾಡುವ ಬಾಷಾ ಸಾಬರಿಗೆ ಹೇಳಿಬಿಟ್ಟಿದ್ದರು. ಸಾಬರು ಒಂದು ಬೆಳಿಗ್ಗೆ ಬಂದರು, ಬಿಳಿ ಗಡ್ಡದ ಸಮಾಧಾನದ ಮನುಷ್ಯ. ನಮ್ಮನೆಯವರು ಶಿಫ್ಟಿಗೆ ಹೋಗಿದ್ದರು. ಸಾಬರು ‘ಮಗ್ಗ ಓಡ್ಸಿ ನೋಡಣಾ ಅಮ್ಮಾ, ಸದ್ದು ಕೇಳಿದ್ರೆ ನಂಗೆ ಗೊತ್ತಾಗುತ್ತೆ’ ಎಂದರು. ಅತ್ತೆ ನನ್ನ ಮುಖ ನೋಡಿದರು. ಆ ನೋಟದಲ್ಲಿ ಕೋಪ ಇರಲಿಲ್ಲ, ಆಸೆ ಇತ್ತು. ಕೋಪವಿದ್ದಿದ್ದರೆ ಎಷ್ಟೋ ಚೆನ್ನಾಗಿತ್ತು. ಅಂದು ಬೆಳಿಗ್ಗೆ ಅವರು ಆ ಮಗ್ಗಕ್ಕೆ ಕುಂಕುಮ ಇಡುವಾಗ ಬಹಳ ಹೊತ್ತು ಅಲ್ಲೇ ನಿಂತಿದ್ದನ್ನು ನಾನು ಅಡುಗೆಮನೆಯಿಂದ ನೋಡಿದ್ದೆ. ನಾನು ಕಲಿತಿದ್ದರೆ ಈ ಮನುಷ್ಯ ನಮ್ಮ ಹೊಸಿಲು ತುಳಿಯುವ ಅಗತ್ಯವೇ ಇರಲಿಲ್ಲ.

ಹಿಡಿ ಎಳೆದೆ. ಮಗ್ಗ ಓಡಿತು. ಅತ್ತೆ ತಮ್ಮ ಮಗ್ಗಕ್ಕೆ ಹೋದರು, ಸಾಬರು ತಲೆ ಓರೆ ಮಾಡಿ ಸದ್ದು ಕೇಳುತ್ತಾ ನಿಂತರು. ಅರ್ಧ ಮೊಳ ನೇಯುವುದರೊಳಗೆ ಎಳೆ ಕಡಿಯಿತು. ಮಗ್ಗ ನಿಲ್ಲಿಸಿದೆ. ಅತ್ತೆಯ ಮಗ್ಗ, ಪುಟ್ಟತಾಯಮ್ಮನವರ ಮಗ್ಗ, ಬೀದಿಯ ಮಗ್ಗಗಳೆಲ್ಲ ಬಡಿಯುತ್ತಲೇ ಇದ್ದವು. ಅತ್ತೆ ತಮ್ಮ ಮಗ್ಗದ ಆಚೆಯಿಂದ ಬೆರಳು ಉಜ್ಜಿ ತೋರಿಸಿದರು. ಎಳೆಯ ಎರಡೂ ತುದಿ ಕೈಗೆ ಸಿಕ್ಕಿದವು. ಅಲ್ಲಿಂದ ಮುಂದೆ ಏನು ಮಾಡಬೇಕೆಂದೇ ಗೊತ್ತಾಗಲಿಲ್ಲ. ಬೆರಳುಗಳು ಯಾರದೋ ಬೆರಳುಗಳಾಗಿದ್ದವು. ಒಂದು ಸಲ ಜಾರಿತು, ಎರಡು ಸಲ ಜಾರಿತು. ಸಾಬರು ಹತ್ತಿರ ಬಂದು ಬಗ್ಗಿ ನೋಡಿದರು. ನನಗೆ ಅಳು ಬಂತು. ಯಾರಿಗೂ ಕೇಳಿಸುವುದಿಲ್ಲವಲ್ಲ ಎಂಬ ಧೈರ್ಯದಲ್ಲಿ ಇದ್ದಬದ್ದ ಗಂಟಲನ್ನೆಲ್ಲ ತೆರೆದು ಕೂಗಿದೆ, ‘ದೇವ್ರೇ, ಈ ಹಾಳ್ ಕರೆಂಟ್ ಹೋಗ್ಬಾರ್ದಾ!’

ಹೋಯಿತು.

‘ದೇವ್ರೇ’ ಎನ್ನುವಷ್ಟರಲ್ಲೇ ಹೋಯಿತು. ಬೀದಿ ಗಪ್‌ಚಿಪ್. ಆ ಸ್ತಬ್ಧತೆಯಲ್ಲಿ ನನ್ನ ‘ಹಾಳ್ ಕರೆಂಟ್ ಹೋಗ್ಬಾರ್ದಾ’ ಮಾತ್ರ ಹೆಂಚಿನ ಕೆಳಗಿಂದ ಹೊರಟು ಕೊನೆಯ ಮನೆಯವರೆಗೂ ಹೋಗಿರಬೇಕು. ಆಚೆಯಿಂದ ಪುಟ್ಟತಾಯಮ್ಮನವರ ದನಿ ಬಂತು. ‘ಯಾವಳವ್ಳು ಕರೆಂಟ್‌ಗೆ ಶಾಪ ಹಾಕಿದ್ದು? ಹಬ್ಬದ್ ಮಾಲು ಮಗ್ಗದ್ ಮೇಲೈತೆ!’ ಒಂದು ಗಂಡಸಿನ ದನಿ ‘ಹೊಸಾ ಸೊಸೆ ಕಣ್ರಿ, ಚನ್ರಾಯಪಟ್ನದೋಳು’ ಎಂದಿತು. ನಾನು ತಲೆ ಎತ್ತಲಿಲ್ಲ. ನಾಚಿಕೆಯಿಂದ ಎಂದುಕೊಳ್ಳಬೇಡಿ. ಸದ್ದು ನಿಂತ ಕೂಡಲೇ ನನ್ನ ಬೆರಳುಗಳು ನನ್ನವಾಗಿದ್ದವು. ಅವು ಯಾರನ್ನೂ ಕೇಳದೆ ಎಳೆಯನ್ನು ಸುತ್ತಿ, ನುಸುಳಿಸಿ, ಎಳೆದು ಗಂಟು ಹಾಕಿ ಮುಗಿಸಿದವು. ಅಷ್ಟಕ್ಕೇ ನಿಂತಿದ್ದರೆ ಮಾನ ಉಳಿಯುತ್ತಿತ್ತು. ನಾನು ಅಭ್ಯಾಸಬಲದಿಂದ ಕತ್ತು ಹೊರಳಿಸಿ, ಕಣ್ಣು ಮುಚ್ಚಿ, ಬಾಯಿ ತೆರೆದು ನಿಂತೆ. ಅತ್ತೆಗೂ ಅದೇ ಅಭ್ಯಾಸ. ತಮ್ಮ ಮಗ್ಗ ಬಿಟ್ಟು ಬಂದು, ಸೆರಗಿನ ಗಂಟು ಬಿಚ್ಚಿ, ಒಂದು ಚೂರು ಬೆಲ್ಲ ಇಟ್ಟೇಬಿಟ್ಟರು. ಕಣ್ಣು ತೆರೆದರೆ ಬಾಷಾ ಸಾಬರು ನಮ್ಮಿಬ್ಬರನ್ನೂ ಪಿಳಿಪಿಳಿ ನೋಡುತ್ತಿದ್ದಾರೆ.

ಸಾಬರು ಗಡ್ಡ ನೀವಿಕೊಂಡರು. ಬಗ್ಗಿ ಗಂಟನ್ನು ಉಗುರಿನಿಂದ ಮುಟ್ಟಿ ನೋಡಿದರು. ‘ಗಂಟೇನೋ ಚೆನ್ನಾಗಿ ಹಾಕಿದಾಳೆ ನಿಮ್ ಸೊಸೆ. ಬಾಯಿ ಸಿಹಿನೂ ಮಾಡ್ಕೊಂಡ್ಳು. ನಮ್ಗೇನೂ ಇಲ್ವಾ ಅಮ್ಮಾ?’ ಎಂದರು.

ಅತ್ತೆ ಸೆರಗಿನಲ್ಲಿ ಉಳಿದಿದ್ದ ಬೆಲ್ಲವನ್ನೆಲ್ಲ ಅವರ ಅಂಗೈಗೆ ಸುರಿದರು. ‘ಬೆಲ್ಲ ತಗಳಿ ಸಾಬ್ರೇ. ಮಗ್ಗ ಕೊಡಲ್ಲ. ನನ್ ಸೊಸೆಗೆ ಬರುತ್ತೆ, ಕರೆಂಟ್ ಇದ್ದಾಗ ಮರ್ತೋಗುತ್ತೆ, ಅಷ್ಟೇಯ.’

ಅತ್ತೆ ಅದನ್ನು ಮೆಲ್ಲಗೆ ಹೇಳಿದರು. ಅಷ್ಟು ಮೆಲ್ಲಗೆ ಅವರು ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮದುವೆಯಾಗಿ ಬಂದಾಗಿನಿಂದ ಆ ಮನೆ ನನ್ನದು ಎಂದು ನನಗೆ ಅನ್ನಿಸಿದ್ದೂ ಅದೇ ಮೊದಲು. ಅಳುತ್ತಲೇ ಬೆಲ್ಲ ಜಗಿದೆ.

ಸಂಜೆ ನಮ್ಮನೆಯವರು ಬಂದು ಕೂಗಾಡಿದರು, ಅತ್ತೆ ಅವರಿಗೂ ಒಂದು ಸೌಟು ಸಾರು ಹೆಚ್ಚಿಗೆ ಬಡಿಸಿದರು. ಬೀದಿಯವರು ನನಗೆ ‘ಕರೆಂಟ್ ಸರೋಜಮ್ಮ’ ಎಂದು ಹೆಸರಿಟ್ಟರು. ಕರೆಂಟು ಯಾವಾಗ ಹೋದರೂ ಪುಟ್ಟತಾಯಮ್ಮ ಕಿಟಕಿಯಿಂದ ‘ಏನ್ ಸರೋಜಾ, ಇವತ್ತೂ ಹರ್ಕೆನಾ?’ ಎಂದು ಕೇಳುವುದು ವಾಡಿಕೆಯಾಯಿತು. ಅತ್ತೆ ಒಂದು ಬದಲಾವಣೆ ಮಾಡಿದರು. ಕರೆಂಟಿದ್ದಾಗ ಬೆಲ್ಲ ಇಲ್ಲ, ಮೈಸೂರು ಪಾಕಿಲ್ಲ, ಸೀರೆಯ ಮಾತಂತೂ ಇಲ್ಲವೇ ಇಲ್ಲ. ‘ನೀನ್ ಏನಾರ ಮಾಡ್ಕೋ, ನಾನ್ ತಿರುಗ್ ನೋಡಲ್ಲ’ ಎಂದು ನನಗೆ ಬೆನ್ನು ಹಾಕಿ ನಿಂತರು. ಬೆಲ್ಲವೆಲ್ಲ ಕರೆಂಟು ಹೋದಾಗ, ಚಾಪೆಯ ಮೇಲೆ. ಗೌರಿ ಹಬ್ಬ ಬಂದು ಹೋಯಿತು, ನಾನು ಹಳೇ ಸೀರೆಯನ್ನೇ ಉಟ್ಟೆ. ಅವರೆಕಾಯಿ ಸುಲಿಯುವ ಕಾಲವೂ ಮುಗಿದು ಹುಣಸೆಹಣ್ಣು ಬಿಡಿಸುವ ಕಾಲ ಬಂತು. ಒಂದು ದಿನ ಮಗ್ಗ ಓಡುತ್ತಿದ್ದಾಗ, ನಾನು ಪುಟ್ಟತಾಯಮ್ಮನವರ ಹುರುಳಿ ಸಾರಿನ ವಿಷಯ ನೆನೆದು ಒಬ್ಬಳೇ ನಗುತ್ತಿದ್ದೆ. ನೋಡಿದರೆ ಕಡಿದ ಎಳೆಗೆ ಗಂಟು ಬಿದ್ದಿದೆ, ಹಿಡಿ ಎಳೆದಾಗಿದೆ, ಮಗ್ಗ ಓಡುತ್ತಿದೆ. ಯಾವಾಗ ಹಾಕಿದೆನೋ ನನಗೇ ಗೊತ್ತಿಲ್ಲ. ಯಾರೂ ನೋಡಲಿಲ್ಲ, ಯಾರೂ ಏನೂ ಕೊಡಲಿಲ್ಲ. ಅಂದಿನಿಂದ ಸದ್ದು ನನಗೆ ಸದ್ದಾಗಿ ಕೇಳಿಸಲಿಲ್ಲ. ಆ ಮಗ್ಗ ನನ್ನ ಮಗಳ ಮದುವೆಯವರೆಗೂ ಓಡಿತು. ಅತ್ತೆ ಹೇಳಿದ ಸೀರೆಯನ್ನೂ ಕೊಟ್ಟರು, ಹಸಿರಿಗೆ ಕೆಂಪು ಅಂಚು.

ಈಗ ಅತ್ತೆ ಇಲ್ಲ. ಮಗ್ಗಗಳೂ ಇಲ್ಲ, ಆ ಜಾಗದಲ್ಲಿ ಮಗನ ಬೈಕು ನಿಲ್ಲುತ್ತದೆ. ಬೀದಿಯಲ್ಲಿ ಅಲ್ಲೊಂದು ಇಲ್ಲೊಂದು ಮನೆಯಲ್ಲಿ ಬಡಿತ ಕೇಳಿಸಿದರೆ ನಿಂತು ಕೇಳುತ್ತೇನೆ. ಪುರವಣಿಯಲ್ಲಿ ಬರೆದವರು ಒಂದು ವಿಷಯ ಬಿಟ್ಟಿದ್ದಾರೆ. ಗಾಬರಿಯಲ್ಲಿ ಬಹುಮಾನದ ಪಾಠ ತಲೆಗೆ ಹತ್ತುವುದಿಲ್ಲ, ಒಪ್ಪಿದೆ. ಆದರೆ ನೆಮ್ಮದಿಯಲ್ಲಿ ಹತ್ತಿದ್ದು ಇಳಿಯುವುದು ಹೇಗೆ ಎಂದು ಅವರು ಹೇಳಿಲ್ಲ. ಗಂಟು ಹಾಕುವುದು ನನಗೆ ಮರೆತುಹೋಗಿದೆ, ಮೊನ್ನೆ ಹೂ ಕಟ್ಟುತ್ತಿದ್ದಾಗ ದಾರ ಕಡಿದು ಗೊತ್ತಾಯಿತು. ಉಳಿದದ್ದು ಇನ್ನೊಂದು. ಕರೆಂಟು ಹೋದರೆ ನನ್ನ ಬಾಯಲ್ಲಿ ನೀರೂರುತ್ತದೆ. ಊಟ ಮಾಡಿ ಎದ್ದಿದ್ದರೂ ಸರಿ, ಮನೆ ನಿಶ್ಶಬ್ದವಾದ ಗಳಿಗೆಯಲ್ಲೇ ಅತ್ತೆ ಪಕ್ಕದಲ್ಲಿ ಕುಳಿತ ಹಾಗಾಗುತ್ತದೆ, ಕಾಲು ತಾನಾಗಿ ಅಡುಗೆಮನೆಯ ಬೆಲ್ಲದ ಡಬ್ಬದ ಕಡೆಗೆ ನಡೆಯುತ್ತದೆ. ಮಗ ಇನ್ವರ್ಟರ್ ಹಾಕಿಸಿದ. ಈಗ ದೀಪವೂ ಆರುವುದಿಲ್ಲ, ಫ್ಯಾನೂ ನಿಲ್ಲುವುದಿಲ್ಲ. ಆದರೆ ಬದಲಾಗುವಾಗ ಅದು ‘ಟಿಕ್’ ಎನ್ನುತ್ತದೆ. ನನಗೆ ಅಷ್ಟು ಸಾಕು.

ಹೋದ ತಿಂಗಳು ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ‘ಏನಮ್ಮಾ ಇದು, ಶುಗರ್ ಇಷ್ಟೊಂದ್ ಏರಿದೆ? ಬೆಲ್ಲ ತಿನ್ನಬೇಡಿ ಅಂತ ಹೇಳಿರ್ಲಿಲ್ವಾ?’

‘ನಾನಾಗಿ ತಿನ್ನಲ್ಲ ಡಾಕ್ಟ್ರೇ’ ಎಂದೆ. ‘ಕರೆಂಟ್ ಹೋಗುತ್ತೆ.’